ಮೊದಲು ಬಿಟ್, ಆಮೇಲೆ ರೌಟರ್

ನನ್ನ ಸೋದರಮಾವ ಮಂಡ್ಯದಲ್ಲಿ ಬಡಗಿ ಕೆಲಸ ಮಾಡುತ್ತಾರೆ. ಬಾಗಿಲು, ಕಿಟಕಿ, ವಾರ್ಡ್‌ರೋಬು, ದೇವರ ಮಂಟಪ. ನಾನು ತೋರಿಸುವ ತನಕ ಅವರು ಎಲೆಕ್ಟ್ರಿಕ್ ಗಿಟಾರನ್ನು ಹತ್ತಿರದಿಂದ ನೋಡಿರಲಿಲ್ಲ. ಆದರೂ ಗಿಟಾರಿನ ಬಾಡಿ ಕೊರೆಯುವ ವಿಷಯದಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದ ಮಾತು ಅವರದೇ. ಮೊದಲ ರೌಟರ್ (ತಿರುಗುವ ಅಲಗಿನಿಂದ ಮರ ಕೊರೆಯುವ ಮೆಷಿನ್, ಆ ಅಲಗಿನ ತುಂಡೇ ಬಿಟ್) ತಗೊಂಡ ಖುಷಿಯಲ್ಲಿ ಅವರ ಬಳಿ ಹೋಗಿದ್ದೆ. ಅವರು ಮೆಷಿನ್ ಕಡೆ ಕಣ್ಣೇ ಹಾಯಿಸಲಿಲ್ಲ.

"ಲೋ, ಮಿಷನ್ ಆಮೇಲೆ ನೋಡೋಣ. ಮೊದ್ಲು ಬಿಟ್ ತೋರ್ಸು."

ತೋರಿಸಿದೆ. ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು.

"ನೀನು ಕೊರೀಬೇಕಿರೋದು ಎಷ್ಟು ಆಳ?"

"ಹದಿನೆಂಟು ಮಿಲಿಮೀಟರ್, ಮಾವ."

"ಮತ್ತೆ ಇಷ್ಟುದ್ದದ್ದು ಯಾಕ್ ತಂದೆ?"

ಬಿಟ್ ಉದ್ದ ಇದ್ದರೆ ಒಳ್ಳೆಯದೇ ಅಲ್ವಾ ಅಂತ ನಾನು ಅಂದುಕೊಂಡಿದ್ದೆ. ಅಲ್ಲ. ಅದು ಅರ್ಥವಾಗಲು ಒಂದು ಬಾಡಿ ಹಾಳಾಗಬೇಕಾಯಿತು. ನಿಮ್ಮದು ಹಾಗಾಗದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಕಾಲೇಜಿನಲ್ಲಿದ್ದಾಗ ಕೊಂಡ ಸ್ಟ್ರಾಟ್ (ಫೆಂಡರ್ ಕಂಪನಿಯ ಸ್ಟ್ರಾಟೋಕ್ಯಾಸ್ಟರ್) ಮಾದರಿಯ ಗಿಟಾರ್ ಅದು. ಬ್ರಿಡ್ಜ್ (ತಂತಿಗಳ ಕೆಳತುದಿ ಕೂರುವ ಭಾಗ) ಪಕ್ಕದ ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ) ತೆಗೆದು, ಅದಕ್ಕಿಂತ ಅಗಲವಾದ ಎರಡು ಕಾಯಿಲಿನ ಪಿಕಪ್ ಹಂಬಕರ್ ಕೂರಿಸಬೇಕು ಅಂತ ಆಸೆ. ಟೆಂಪ್ಲೇಟ್, ಅಂದರೆ ಕುಳಿಯ ಆಕಾರಕ್ಕೆ ಕತ್ತರಿಸಿದ ಮಾದರಿ, 6 ಮಿಮೀ ಅಕ್ರಿಲಿಕ್ ಹಾಳೆಯದು. ಬಿಟ್‌ನ ಮೇಲ್ಗಡೆ ಟೆಂಪ್ಲೇಟಿನ ಅಂಚಿಗೆ ಒರಗಿ ಓಡುವ ಬೇರಿಂಗ್, ಕೆಳಗೆ 25 ಮಿಮೀ ಉದ್ದದ ಅಲಗು. ಒಂದೇ ಏಟಿಗೆ ಆಳಕ್ಕೆ ಇಳಿಸಬಾರದು ಅನ್ನುವುದು ಗೊತ್ತಿತ್ತು. ಹಾಗಾಗಿ ಬಿಟ್ ಅನ್ನು ಮೇಲಕ್ಕೆ ಎತ್ತಿ, ಬರೀ 3 ಮಿಮೀ ಮರಕ್ಕೆ ತಾಗುವಂತೆ ಇಟ್ಟೆ. ಬೇರಿಂಗ್ ಟೆಂಪ್ಲೇಟನ್ನು ದಾಟಿ ಮೇಲೆ ಹೋಗಿತ್ತು. ಅದು ಒರಗಿಕೊಳ್ಳಲು ಅಲ್ಲಿ ಏನೂ ಇರಲಿಲ್ಲ. ಅಲಗು ಅಕ್ರಿಲಿಕ್ಕನ್ನೇ ತಿಂದು, ಬ್ರಿಡ್ಜ್ ಕಡೆಗೆ ನುಗ್ಗಿ, ಪಿಕ್‌ಗಾರ್ಡ್ (ಬಾಡಿಯ ಮುಂಭಾಗದ ಪ್ಲಾಸ್ಟಿಕ್ ಹಾಳೆ) ಮುಚ್ಚದ ಜಾಗದಲ್ಲಿ ಎರಡು ಬೆರಳಗಲ ಗಾಯ ಮಾಡಿತು. ಒಂದೇ ಸೆಕೆಂಡು.

ಈಗ ಅದರ ಲೆಕ್ಕ ನೋಡಿ. ಈ ಬರಹದಲ್ಲಿ ಇದೊಂದು ನೆನಪಿದ್ದರೆ ಸಾಕು.

ಟೆಂಪ್ಲೇಟ್ 12 ಮಿಮೀ ದಪ್ಪ ಅಂತ ಇಟ್ಟುಕೊಳ್ಳಿ. ಬೇರಿಂಗ್‌ನ ಎತ್ತರ 5 ಮಿಮೀ. ಬೇರಿಂಗ್ ಪೂರ್ತಿ ಟೆಂಪ್ಲೇಟಿನ ಅಂಚಿಗೆ ಒರಗಬೇಕಾದರೆ ಅಲಗು ಶುರುವಾಗುವುದು ಟೆಂಪ್ಲೇಟಿನ ಮೇಲ್ಮೈಯಿಂದ 5 ಮಿಮೀ ಕೆಳಗೆ. ಅಲಗು 10 ಮಿಮೀ ಉದ್ದ ಇದ್ದರೆ ಅದರ ತುದಿ 15 ಮಿಮೀ ಕೆಳಗಿರುತ್ತದೆ. ಟೆಂಪ್ಲೇಟ್ 12 ಮಿಮೀ ಆದ್ದರಿಂದ ಮರದೊಳಗೆ ಇಳಿಯುವುದು 3 ಮಿಮೀ. ಮೊದಲ ಸುತ್ತಿಗೆ ಅದೇ ಸರಿಯಾದ ಆಳ. ಅದೇ ಜಾಗದಲ್ಲಿ 25 ಮಿಮೀ ಅಲಗು ಇದ್ದರೆ? ತುದಿ 30 ಮಿಮೀ ಕೆಳಗೆ. ಮರದೊಳಗೆ 18 ಮಿಮೀ. ಅಂದರೆ ಇಡೀ ಕುಳಿಯನ್ನು ಒಂದೇ ಏಟಿಗೆ ತೆಗೆಯಬೇಕು. ಇಲ್ಲವೇ ಬೇರಿಂಗನ್ನು ಗಾಳಿಯಲ್ಲಿ ತೇಲಿಸಬೇಕು. ಎರಡೂ ಆಗದ ಮಾತು.

ಹಾಗಾದರೆ ಅಂಗಡಿಗಳಲ್ಲಿ ಉದ್ದದ ಬಿಟ್ ಯಾಕೆ ಜಾಸ್ತಿ ಸಿಗುತ್ತವೆ? ಅವು ಬಂದಿರುವುದು ಮಾವನಂಥವರ ಕೆಲಸಕ್ಕೆ. 19 ಅಥವಾ 25 ಮಿಮೀ ಪ್ಲೈವುಡ್‌ನ ಅಂಚನ್ನು ಒಂದೇ ಸಲಕ್ಕೆ ಸವರಲು ಉದ್ದದ ಅಲಗು ಬೇಕು. ನಮಗೆ ಬೇಕಾದದ್ದು ಗಿಡ್ಡದ್ದು. ಬೆಂಗಳೂರಿನ ಎಸ್‌ಜೆಪಿ ರಸ್ತೆಯಂಥ ಕಡೆ ಹೋದರೆ "ಗಿಟಾರಿಗೆ ಬೇಕು" ಅಂತ ಹೇಳಬೇಡಿ, ಯಾರಿಗೂ ಗೊತ್ತಾಗುವುದಿಲ್ಲ. ಹೀಗೆ ಕೇಳಿ: "ಸ್ಟ್ರೈಟ್ ಬಿಟ್, ಬೇರಿಂಗ್ ಮೇಲ್ಗಡೆ ಇರಬೇಕು, ಅರ್ಧ ಇಂಚು ಡಯಾ, ಕಾಲಿಂಚು ಶ್ಯಾಂಕ್, ಕಟಿಂಗ್ ಉದ್ದ ಅರ್ಧ ಇಂಚಿಗಿಂತ ಜಾಸ್ತಿ ಬೇಡ." ಶ್ಯಾಂಕ್ ಅಂದರೆ ಮೆಷಿನ್ ಹಿಡಿದುಕೊಳ್ಳುವ ಬಿಟ್‌ನ ಕಾಂಡ. ಸಿಗದಿದ್ದರೆ ಆನ್‌ಲೈನ್‌ನಲ್ಲಿ ತರಿಸಿ. ಅಮೆರಿಕದ ಓಹಾಯೋದಲ್ಲಿರುವ ಸ್ಟ್ಯೂಮ್ಯಾಕ್ ಗಿಟಾರ್ ಕೆಲಸಕ್ಕೆಂದೇ ಇಂಥ ಬಿಟ್ ಮಾರುತ್ತದೆ. ಅಲ್ಲಿಂದ ತರಿಸಿದರೆ ಸಾಗಣೆ, ಸುಂಕ ಎಲ್ಲ ಸೇರಿ ದುಬಾರಿ. ಅಳತೆ ಸರಿ ಇದ್ದರೆ ಬೇರೆಯವರದ್ದೂ ನಡೆಯುತ್ತದೆ.

ಬಿಟ್‌ನ ದಪ್ಪ

ತಿರುಗುವ ಅಲಗು ಒಳಮೂಲೆಯನ್ನು ಚೌಕವಾಗಿ ಕೊರೆಯಲಾರದು. ತನ್ನ ಅರ್ಧದಷ್ಟು ದುಂಡನ್ನು ಮೂಲೆಯಲ್ಲಿ ಬಿಟ್ಟೇ ಬಿಡುತ್ತದೆ. 12.7 ಮಿಮೀ, ಅಂದರೆ ಅರ್ಧ ಇಂಚಿನ ಬಿಟ್ ಬಿಡುವುದು 6.35 ಮಿಮೀ ದುಂಡು. 9.5 ಮಿಮೀ ಬಿಟ್ ಆದರೆ 4.75. 19 ಮಿಮೀ ಬಿಟ್ ಆದರೆ 9.5. ಹಂಬಕರ್ ಸುಮಾರು 70 ಮಿಮೀ ಉದ್ದ, 38 ಮಿಮೀ ಅಗಲ. ಅದರ ಎರಡೂ ತುದಿಯಲ್ಲಿ ಸ್ಕ್ರೂ ಹಿಡಿಯುವ ಚಿಕ್ಕ ಕಾಲುಗಳಿವೆ. ಆ ಕಾಲುಗಳಿಗೂ ಜಾಗ ಬೇಕು. 19 ಮಿಮೀ ಬಿಟ್ ಅಲ್ಲಿಗೆ ಹೋಗುವುದೇ ಇಲ್ಲ. ನಾನು ಮುಖ್ಯ ಕುಳಿಗೆ 12.7, ಕಾಲುಗಳ ಜಾಗಕ್ಕೆ ಮತ್ತು ಮೂಲೆಗೆ 9.5 ಬಳಸುತ್ತೇನೆ. ಒಂದೇ ತಗೊಳ್ಳುವುದಾದರೆ 12.7 ತಗೊಳ್ಳಿ. ಉಳಿದ ಮೂಲೆಯನ್ನು ಉಳಿಯಿಂದ ಸರಿಮಾಡಬಹುದು. ಹಂಬಕರ್ ಸುತ್ತ ರಿಂಗ್ ಅಥವಾ ಪಿಕ್‌ಗಾರ್ಡ್ ಬರುವುದರಿಂದ ಅಲ್ಲಿ ಸ್ವಲ್ಪ ಒರಟಾದರೂ ಕಾಣುವುದಿಲ್ಲ.

ಇದೇ ಕಾರಣಕ್ಕೆ ದೊಡ್ಡ ರೌಟರ್ ನಮ್ಮ ಕೆಲಸಕ್ಕೆ ಒಗ್ಗುವುದಿಲ್ಲ. ದೊಡ್ಡ ಮೆಷಿನ್‌ಗಳಿಗೆ ಸಾಮಾನ್ಯವಾಗಿ 12 ಅಥವಾ 12.7 ಮಿಮೀ ಶ್ಯಾಂಕಿನ ಬಿಟ್ ಹಾಕುತ್ತಾರೆ. ಬೇರಿಂಗ್ ಕೂರುವುದು ಆ ಶ್ಯಾಂಕಿನ ಸುತ್ತ. ಶ್ಯಾಂಕೇ 12 ಮಿಮೀ ಇದ್ದರೆ 12.7 ಮಿಮೀ ಬೇರಿಂಗ್ ಅದರ ಸುತ್ತ ಹೇಗೆ ಕೂರಬೇಕು? ಹಾಗಾಗಿ ಅಂಥ ಬಿಟ್‌ಗಳು 19 ಮಿಮೀ ಅಥವಾ ಅದಕ್ಕೂ ದಪ್ಪ. ಶಕ್ತಿ ಜಾಸ್ತಿ, ಆದರೆ ಪಿಕಪ್ ಕುಳಿಯ ಮೂಲೆಗೆ ಹೋಗಲಾರದು. ಶ್ಯಾಂಕ್ ಸಣ್ಣದಿದ್ದರೆ ಮಾತ್ರ ಬೇರಿಂಗ್ ಸಣ್ಣದಿರುತ್ತದೆ, ಬೇರಿಂಗ್ ಸಣ್ಣದಿದ್ದರೆ ಮಾತ್ರ ಮೂಲೆ ಸಿಗುತ್ತದೆ.

ಬೇರಿಂಗ್ ಬಗ್ಗೆ ಇನ್ನೊಂದು ಮಾತು. ಅದರ ಹೊರ ಅಳತೆ ಅಲಗಿನ ಅಳತೆಗೆ ಸರಿಸಮ ಇರಬೇಕು. ಒಮ್ಮೆ ಬೇರಿಂಗ್ ಹಾಳಾಗಿ ಬೇರೆ ಹಾಕಿಸಿದೆ. ಬಿಟ್ 12 ಮಿಮೀ, ಹೊಸ ಬೇರಿಂಗ್ 12.7. ನೋಡಲು ಒಂದೇ ಥರ. ಕುಳಿ ಸುತ್ತಲೂ 0.35 ಮಿಮೀ ಚಿಕ್ಕದಾಯಿತು. ಪಿಕಪ್ ಇಳಿಯಲಿಲ್ಲ. ವರ್ನಿಯರ್ ಕ್ಯಾಲಿಪರ್ ಇಟ್ಟುಕೊಂಡು ಅಲಗು, ಬೇರಿಂಗ್ ಎರಡನ್ನೂ ಅಳೆಯಿರಿ. ಬೇರಿಂಗ್ ಮೇಲಿನ ಚಿಕ್ಕ ಕಾಲರ್‌ನ ಸ್ಕ್ರೂ ಬಿಗಿ ಇದೆಯಾ ಅಂತಲೂ ನೋಡಿ. ಅದು ಸಡಿಲವಾದರೆ ಬೇರಿಂಗ್ ಮೇಲಕ್ಕೆ ಜಾರುತ್ತದೆ. ಆಗ ಮತ್ತೆ ನನ್ನ ಅಕ್ರಿಲಿಕ್ ಕಥೆಯೇ.

ಅಲಗು ಕಾರ್ಬೈಡ್‌ನದ್ದೇ ಇರಲಿ. ಬಾಡಿಯ ಮೇಲಿನ ಪಾಲಿಯೆಸ್ಟರ್ ಪೇಂಟ್ ಗಾಜಿನಷ್ಟು ಗಟ್ಟಿ, ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಅಲಗು ಬೇಗ ಮೊಂಡಾಗುತ್ತದೆ. ಹನ್ನೆರಡು, ಇಪ್ಪತ್ನಾಲ್ಕು ಬಿಟ್ ಇರುವ ಮರದ ಪೆಟ್ಟಿಗೆ ಸೆಟ್‌ಗಳು ಕಣ್ಣಿಗೆ ಚೆಂದ. ನನ್ನ ಸೆಟ್‌ನಲ್ಲಿ ಇವತ್ತಿನ ತನಕ ಬಳಸಿದ್ದು ಮೂರು. ಆ ದುಡ್ಡಿಗೆ ಎರಡು ಒಳ್ಳೆಯ ಬಿಟ್ ಬರುತ್ತಿತ್ತು.

ಮೆಷಿನ್

ಈಗ ರೌಟರ್‌ಗೆ ಬರೋಣ. ನಿಮಗೆ ಬೇಕಾದದ್ದು ಟ್ರಿಮ್ಮರ್. ನಮ್ಮ ಬಡಗಿಗಳು ಸನ್‌ಮೈಕಾ ಅಂಟಿಸಿದ ಮೇಲೆ ಅಂಚು ಸವರಲು ಒಂದೇ ಕೈಯಲ್ಲಿ ಹಿಡಿಯುತ್ತಾರಲ್ಲ, ಅದೇ. ಒಂದೂವರೆ ಎರಡು ಕಿಲೋ ತೂಕ. ಕೈ ಹತ್ತಿರದಲ್ಲೇ ಬಿಟ್ ಇರುತ್ತದೆ, ಕೆಲಸ ಕಣ್ಣಿಗೆ ಕಾಣುತ್ತದೆ. ಐದಾರು ಕಿಲೋ ತೂಗುವ ದೊಡ್ಡ ರೌಟರ್ 45 ಮಿಮೀ ದಪ್ಪದ ಗಿಟಾರ್ ಬಾಡಿಯ ಅಂಚಿನ ಹತ್ತಿರ ಬಂದರೆ ವಾಲುತ್ತದೆ. ಒಂದು ಡಿಗ್ರಿ ವಾಲಿದರೂ ಕುಳಿಯ ಗೋಡೆ ಸೊಟ್ಟಗಾಗುತ್ತದೆ.

ನಾನು ಬಳಸಿರುವುದು ಎರಡು. ಬಾಶ್ ಜಿಕೆಎಫ್ 550: 550 ವ್ಯಾಟ್, ನಿಮಿಷಕ್ಕೆ 33,000 ಸುತ್ತು, ವೇಗ ಬದಲಿಸಲು ಬರುವುದಿಲ್ಲ. ಮಕೀಟಾ ಆರ್‌ಟಿ 0700ಸಿ: 710 ವ್ಯಾಟ್, ವೇಗವನ್ನು 10,000ದಿಂದ 30,000 ತನಕ ಬದಲಿಸಬಹುದು, ಬೇಕಿದ್ದರೆ ಪ್ಲಂಜ್ ಬೇಸ್ (ಓಡುತ್ತಿರುವ ಬಿಟ್ ಅನ್ನು ಮೇಲಿನಿಂದ ಇಳಿಸಲು ಬರುವಂಥದ್ದು) ಬೇರೆಯಾಗಿ ಸಿಗುತ್ತದೆ. ಬರೀ ಪಿಕಪ್ ಕುಳಿ ಕೊರೆಯುವುದಾದರೆ ಮೊದಲನೆಯದೇ ಸಾಕು. ಬಾಡಿಯ ಹೊರ ಅಂಚು ದುಂಡು ಮಾಡುವ ಆಸೆ ಇದ್ದರೆ ಎರಡನೆಯದು. ಅದಕ್ಕೆ ಕಾರಣ ಇದೆ.

12.7 ಮಿಮೀ ಬಿಟ್ 33,000ದಲ್ಲಿ ತಿರುಗಿದಾಗ ಅಲಗಿನ ಅಂಚು ಸೆಕೆಂಡಿಗೆ ಸುಮಾರು 22 ಮೀಟರ್ ಓಡುತ್ತದೆ. ತೊಂದರೆ ಇಲ್ಲ. ಸ್ಟ್ರಾಟ್ ಅಂಚಿಗೆ ಹೊಂದುವ ಅರ್ಧ ಇಂಚಿನ ರೌಂಡ್‌ಓವರ್ ಬಿಟ್‌ನ ಒಟ್ಟು ಅಗಲ 35 ಮಿಮೀ ಮೇಲೆ. ಅದೇ ವೇಗದಲ್ಲಿ ಅದರ ಅಂಚು ಸೆಕೆಂಡಿಗೆ 60 ಮೀಟರ್ ದಾಟುತ್ತದೆ. ಮರ ಸುಡುತ್ತದೆ, ಕೈ ಅದುರುತ್ತದೆ, ಅಲಗಿನ ಚೂರು ಹಾರಿದರೆ ಬಹಳ ಅಪಾಯ. ಅಂಥ ಬಿಟ್‌ಗೆ 18,000ಕ್ಕಿಂತ ಕೆಳಗೆ ಇಳಿಸಲೇಬೇಕು. ವೇಗ ಬದಲಾಗದ ಟ್ರಿಮ್ಮರ್‌ಗೆ ಅದನ್ನು ಹಾಕಲೇಬೇಡಿ. ಟೆಲಿಕ್ಯಾಸ್ಟರ್ ಥರದ 3 ಮಿಮೀ ದುಂಡಿನ ಚಿಕ್ಕ ಬಿಟ್ ಆದರೆ ಪರವಾಗಿಲ್ಲ.

ಕಾಲೆಟ್ (ಶ್ಯಾಂಕನ್ನು ಬಿಗಿಯಾಗಿ ಹಿಡಿಯುವ ಮೆಷಿನ್‌ನ ಬಾಯಿ) ವಿಷಯದಲ್ಲಿ ತುಂಬ ಜನ ಎಡವುತ್ತಾರೆ. ನಮ್ಮಲ್ಲಿ 6 ಮಿಮೀ, 6.35 ಮಿಮೀ, 8 ಮಿಮೀ ಮೂರೂ ಓಡಾಡುತ್ತವೆ. 6 ಮತ್ತು 6.35 ಕಣ್ಣಿಗೆ ಒಂದೇ. 6.35 ಶ್ಯಾಂಕ್ 6ರ ಕಾಲೆಟ್‌ಗೆ ಹೋಗುವುದಿಲ್ಲ, ಅಲ್ಲಿಗೆ ಮುಗಿಯಿತು. ತೊಂದರೆ ಇರುವುದು ಇನ್ನೊಂದು ಕಡೆ. 6 ಮಿಮೀ ಶ್ಯಾಂಕ್ 6.35ರ ಕಾಲೆಟ್‌ಗೆ ಸಲೀಸಾಗಿ ಹೋಗುತ್ತದೆ, ಬಿಗಿ ಮಾಡಿದರೆ ಹಿಡಿದ ಹಾಗೂ ಅನಿಸುತ್ತದೆ. ಓಡುವಾಗ ಜಾರುತ್ತದೆ. ಜಾರಿದ ಬಿಟ್ ಕೆಳಕ್ಕೇ ಇಳಿಯುವುದು, ನಿಮ್ಮ ಬಾಡಿಯ ಒಳಕ್ಕೆ. ಮೆಷಿನ್ ಕೊಳ್ಳುವಾಗ ಪೆಟ್ಟಿಗೆ ಬಿಚ್ಚಿಸಿ ಒಳಗೆ ಯಾವ ಕಾಲೆಟ್ ಇದೆ ನೋಡಿ. ಕಾಲಿಂಚಿನ ಕಾಲೆಟ್ ಇರದಿದ್ದರೆ ಆಗಲೇ ಕೇಳಿ ತಗೊಳ್ಳಿ. ಬಿಟ್ ಹಾಕುವಾಗ ತಳಮುಟ್ಟ ತಳ್ಳಿ, ಆಮೇಲೆ 2 ಮಿಮೀ ಹೊರಗೆಳೆದು ಬಿಗಿ ಮಾಡಿ. ಶ್ಯಾಂಕಿನ ಮುಕ್ಕಾಲು ಭಾಗವಾದರೂ ಒಳಗಿರಬೇಕು. ಆಳ ಸಾಲದು ಅಂತ ಶ್ಯಾಂಕನ್ನು ಹೊರಗೆ ಎಳೆಯುವುದು ಬೇಡ. ಅದಕ್ಕೆ ಬೇರೆ ಉಪಾಯ ಇದೆ, ಮುಂದೆ ಹೇಳುತ್ತೇನೆ.

ಅಂಗಡಿಯಲ್ಲಿ ಇನ್ನೊಂದನ್ನು ನೋಡಿ. ಆಳ ಹೊಂದಿಸಿ, ಲಾಕ್ ಮಾಡಿ, ಬೇಸನ್ನು ಕೈಯಿಂದ ಗಟ್ಟಿಯಾಗಿ ಒತ್ತಿ. ಜಾರಿದರೆ ಬೇಡ. ನನ್ನ ಮೊದಲ ಅಗ್ಗದ ಟ್ರಿಮ್ಮರ್ ಅದುರಿ ಅದುರಿ ಪ್ರತಿ ಸುತ್ತಿಗೆ ಅರ್ಧ ಮಿಮೀ ಕೆಳಗಿಳಿಯುತ್ತಿತ್ತು. ಹಲ್ಲಿನ ಪಟ್ಟಿಯ ಮೇಲೆ ಗುಂಡಿ ತಿರುಗಿಸಿ ಆಳ ಹೊಂದಿಸುವಂಥದ್ದು ಇದ್ದರೆ ಮನಸ್ಸಿಗೆ ನೆಮ್ಮದಿ.

ಕೊರೆಯುವ ಮುಂಚೆ

ಮೊದಲು ಪಿಕ್‌ಗಾರ್ಡ್ ಬಿಚ್ಚಿ ನೋಡಿ. 1954ರಲ್ಲಿ ಫೆಂಡರ್ ಸ್ಟ್ರಾಟೋಕ್ಯಾಸ್ಟರ್ ತಂದಾಗ ಅದರಲ್ಲಿದ್ದದ್ದು ಮೂರು ಸಿಂಗಲ್ ಕಾಯಿಲ್. ಗಿಬ್ಸನ್ ಲೆಸ್ ಪಾಲ್‌ಗೆ ಹಂಬಕರ್ ಬಂದದ್ದು 1957ರಲ್ಲಿ. ಹಾಗಾಗಿ ಹಳೆಯ ಮಾದರಿಯನ್ನು ಹಾಗೇ ಅನುಸರಿಸಿದ ಬಾಡಿಗಳಲ್ಲಿ ಹಂಬಕರ್‌ಗೆ ಜಾಗ ಇರುವುದಿಲ್ಲ. ಆದರೆ ಈಗಿನ ಎಷ್ಟೋ ಸ್ಟ್ರಾಟ್ ಮಾದರಿಗಳಲ್ಲಿ ಕಾರ್ಖಾನೆಯವರೇ ಕೆಳಗೆ ದೊಡ್ಡ ಕುಳಿ ಕೊರೆದಿರುತ್ತಾರೆ. ಹನ್ನೊಂದು ಸ್ಕ್ರೂ ಬಿಚ್ಚಿದರೆ ಗೊತ್ತಾಗುತ್ತದೆ. ಜಾಗ ಇದ್ದರೆ ಹೊಸ ಪಿಕ್‌ಗಾರ್ಡ್ ತರಿಸಿದರೆ ಸಾಕು, ಒಂದು ಚೂರೂ ಮರ ತೆಗೆಯಬೇಕಿಲ್ಲ.

ಜಾಗ ಇಲ್ಲದಿದ್ದರೆ ಆಳದ ಲೆಕ್ಕ ಹಾಕಿ. ಸ್ಟ್ರಾಟ್ ಬಾಡಿ ಸುಮಾರು 45 ಮಿಮೀ. ಹಿಂಬದಿಯಲ್ಲಿ ಟ್ರೆಮೊಲೊ (ಬ್ರಿಡ್ಜನ್ನು ಅಲುಗಿಸಿ ಸ್ವರ ಬಾಗಿಸುವ ವ್ಯವಸ್ಥೆ) ಸ್ಪ್ರಿಂಗ್‌ಗೆ ಸುಮಾರು 16 ಮಿಮೀ ಆಳದ ಕುಳಿ ಮೊದಲೇ ಇರುತ್ತದೆ. ಮುಂದಿನಿಂದ ನೀವು 19 ಮಿಮೀ ಕೊರೆದರೆ ನಡುವೆ ಉಳಿಯುವುದು 10 ಮಿಮೀ. ಹಂಬಕರ್ ಕಾಲಿಗೆ ಅಂತ 25 ಮಿಮೀ ಇಳಿದರೆ ಉಳಿಯುವುದು 4. ಬ್ರಿಡ್ಜ್ ಕಡೆಯ ತಂತಿಗಳ ಎಳೆತ ಎಲ್ಲ ಆ ಭಾಗದ ಮೇಲೇ ಇರುತ್ತದೆ. ಹಾಗಾಗಿ ಕಾಲುಗಳ ಜಾಗವನ್ನು ಮಾತ್ರ ಆಳ ಮಾಡಿ, ಇಡೀ ಕುಳಿಯನ್ನಲ್ಲ. ನಿಮ್ಮ ಗಿಟಾರನ್ನು ನೀವೇ ಅಳೆಯಿರಿ. ನಾನು ಹೇಳಿದ ಅಂಕಿಯನ್ನು ನಂಬಿ ಕೊರೆಯಬೇಡಿ.

ಟೆಂಪ್ಲೇಟ್‌ಗೆ 12 ಮಿಮೀ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಒಳ್ಳೆಯದು. ನಾನು ಮಾಡುವುದು ಹೀಗೆ. ಪೀಣ್ಯದ ಕಡೆ ಲೇಸರ್ ಕಟಿಂಗ್ ಮಾಡುವವರ ಹತ್ತಿರ 5 ಮಿಮೀ ಅಕ್ರಿಲಿಕ್‌ನಲ್ಲಿ ಸರಿಯಾದ ಅಳತೆಯ ಮಾದರಿ ಮಾಡಿಸುತ್ತೇನೆ. ಅದರಿಂದ ಬಾಡಿಯನ್ನು ಕೊರೆಯುವುದಿಲ್ಲ. ಎಂಡಿಎಫ್ ಮೇಲೆ ಗುರುತು ಹಾಕಿ, ತೂತು ಮಾಡಿ, ಜಿಗ್‌ಸಾದಿಂದ ಗೆರೆಗಿಂತ 2 ಮಿಮೀ ಒಳಗೆ ಕತ್ತರಿಸುತ್ತೇನೆ. ಆಮೇಲೆ ಅಕ್ರಿಲಿಕ್ಕನ್ನು ಎಂಡಿಎಫ್ ಕೆಳಗೆ ಅಂಟಿಸಿ, ತುದಿಯಲ್ಲಿ ಬೇರಿಂಗ್ ಇರುವ 25 ಮಿಮೀ ಬಿಟ್‌ನಿಂದ ಸವರುತ್ತೇನೆ. ಮಾವ ಬೈದ ಉದ್ದದ ಬಿಟ್‌ನ ಅಣ್ಣತಮ್ಮ ಇದು. ಇಲ್ಲಿ ಅದಕ್ಕೆ ಸರಿಯಾದ ಕೆಲಸ ಇದೆ. ಎಂಡಿಎಫ್ ತುಂಡು ಕುಳಿಯ ಸುತ್ತ ನಾಲ್ಕೂ ಕಡೆ ಅಂಗೈ ಅಗಲ ಇರಲಿ. ಮೆಷಿನ್‌ನ ಬೇಸ್ ಯಾವಾಗಲೂ ಅದರ ಮೇಲೆ ಪೂರ್ತಿ ಕೂತಿರಬೇಕು.

ಬಾಡಿಗೆ ಟೆಂಪ್ಲೇಟ್ ಅಂಟಿಸಲು ಡಬಲ್ ಸೈಡ್ ಟೇಪ್ ಆಗುತ್ತದೆ. ನನಗೆ ಅದಕ್ಕಿಂತ ನಂಬಿಕೆ ಇರುವುದು ಮಾಸ್ಕಿಂಗ್ ಟೇಪ್ ಮತ್ತು ಫೆವಿಕ್ವಿಕ್ ಮೇಲೆ. ಬಾಡಿಗೊಂದು ಪಟ್ಟಿ, ಟೆಂಪ್ಲೇಟ್‌ಗೊಂದು ಪಟ್ಟಿ, ಎರಡರ ನಡುವೆ ಫೆವಿಕ್ವಿಕ್ ಹನಿ. ಒಂದು ನಿಮಿಷ ಒತ್ತಿ ಹಿಡಿದರೆ ಅಲುಗುವುದಿಲ್ಲ, ಬಿಡಿಸುವಾಗ ಟೇಪ್ ಸಮೇತ ಎದ್ದು ಬರುತ್ತದೆ. ಹಳೆಯ ಗಿಟಾರಿನ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಮೇಲೆ ಮಾತ್ರ ಯಾವ ಟೇಪನ್ನೂ ಹಚ್ಚಬೇಡಿ, ಲ್ಯಾಕರೇ ಕಿತ್ತು ಬರಬಹುದು. ಅಂಥ ಗಿಟಾರನ್ನು ಕೊರೆಯುವುದೇ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಕೊರೆಯುವಾಗ

ಮರದ ಬಹುಪಾಲನ್ನು ರೌಟರ್‌ನಿಂದ ತೆಗೆಯಬೇಡಿ. ಡ್ರಿಲ್ ಸ್ಟ್ಯಾಂಡ್ ಇದ್ದರೆ 22 ಅಥವಾ 25 ಮಿಮೀ ಫೋರ್ಸ್ಟ್‌ನರ್ ಬಿಟ್‌ನಿಂದ (ಸಮತಟ್ಟು ತಳದ ಗುಂಡಿ ಕೊರೆಯುವ ಡ್ರಿಲ್ ಬಿಟ್) ಒಂದರ ಪಕ್ಕ ಒಂದು ಗುಂಡಿ ತೆಗೆಯಿರಿ. ಬೇಕಾದ ಆಳಕ್ಕಿಂತ 3 ಮಿಮೀ ಮೊದಲೇ ನಿಲ್ಲಿಸಿ. ಫೋರ್ಸ್ಟ್‌ನರ್‌ನ ನಡುವೆ ಚೂಪು ಮೊನೆ ಇರುತ್ತದೆ, ಅದು ತಳಕ್ಕಿಂತ ಕೆಳಗೆ ಇಳಿಯುತ್ತದೆ. ಆಮೇಲೆ ರೌಟರ್‌ಗೆ ಉಳಿಯುವುದು ಗೋಡೆ ಸರಿಮಾಡುವ ಮತ್ತು ತಳ ಮಟ್ಟಸ ಮಾಡುವ ಕೆಲಸ ಮಾತ್ರ. ಇದರಿಂದ ಇನ್ನೊಂದು ಲಾಭ ಇದೆ. ಸಾದಾ ಬೇಸ್‌ನ ಟ್ರಿಮ್ಮರ್‌ನಲ್ಲಿ ಬಿಟ್ ಮೊದಲೇ ಹೊರಗೆ ಚಾಚಿರುತ್ತದೆ, ಪ್ಲಂಜ್ ಥರ ಮೇಲಿನಿಂದ ಇಳಿಸಲು ಬರುವುದಿಲ್ಲ. ಮೊದಲೇ ತೆಗೆದ ಗುಂಡಿಯೊಳಗೆ ಮರಕ್ಕೆ ತಾಗದ ಹಾಗೆ ಬಿಟ್ ಇಟ್ಟು, ಆಮೇಲೆ ಸ್ವಿಚ್ ಹಾಕಬಹುದು.

ಪೇಂಟ್ ಇರುವ ಬಾಡಿ ಆದರೆ ಮೊದಲ ಸುತ್ತು ಒಂದು ಮಿಮೀ ಮೀರಬಾರದು. ಪಾಲಿಯೆಸ್ಟರ್ ಪೇಂಟ್ ದಪ್ಪ, ಸಿಡಿಯುವ ಸ್ವಭಾವದ್ದು. ಟೆಂಪ್ಲೇಟ್ ಅಂಚಿನಗುಂಟ ಚೂಪಾದ ಚಾಕುವಿನಿಂದ ಎರಡು ಮೂರು ಸಲ ಗೀರಿ, ಪೇಂಟ್ ತುಂಡಾಗಲಿ. ಆಮೇಲೆ ಒಂದು ಮಿಮೀ ಸುತ್ತು. ಪೇಂಟ್ ದಾಟಿದ ಮೇಲೆ ಸುತ್ತಿಗೆ 3 ಮಿಮೀ ಹೋಗಬಹುದು.

ಯಾವ ಕಡೆಗೆ ತಿರುಗಿಸಬೇಕು? ನಮಗೆ ಇದನ್ನು ನೆನಪಿಡುವುದು ಸುಲಭ. ಕುಳಿಯ ಒಳಗೆ ಪ್ರದಕ್ಷಿಣೆ. ಬಾಡಿಯ ಹೊರ ಅಂಚಿಗೆ ಅಪ್ರದಕ್ಷಿಣೆ. ಮೇಲಿನಿಂದ ನೋಡಿದರೆ ಬಿಟ್ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಅದರ ಹಲ್ಲಿಗೆ ಎದುರಾಗಿ ನಾವು ತಳ್ಳಬೇಕು, ಆಗ ಮೆಷಿನ್ ಕೈಯನ್ನು ತಡೆಯುತ್ತದೆ. ಆ ತಡೆ ಇದ್ದರೆ ಸರಿಯಾಗಿ ಹೋಗುತ್ತಿದ್ದೀರಿ ಅಂತ ಅರ್ಥ. ಕೈಯಿಂದ ಕಿತ್ತುಕೊಂಡು ಮುಂದೆ ಓಡಿದರೆ ದಿಕ್ಕು ತಪ್ಪಿದೆ.

ಒಂದೇ ಜಾಗದಲ್ಲಿ ನಿಂತರೆ ಮರ ಕಪ್ಪಾಗುತ್ತದೆ. ಮೂಲೆಯಲ್ಲಿ ನಮ್ಮ ಕೈ ತಾನಾಗಿಯೇ ತಡೆಯುತ್ತದೆ, ಅಲ್ಲೇ ಜಾಸ್ತಿ ಸುಡುವುದು. ಸುತ್ತು ಮುಗಿದ ಮೇಲೆ ಸ್ವಿಚ್ ಆರಿಸಿ, ಬಿಟ್ ಪೂರ್ತಿ ನಿಂತ ಮೇಲೆ ಮಾತ್ರ ಮೇಲೆತ್ತಿ. ತಿರುಗುತ್ತಿರುವಾಗ ಎತ್ತಿದರೆ ಅಲಗು ಟೆಂಪ್ಲೇಟನ್ನು ಕಚ್ಚುತ್ತದೆ. ಕುಳಿಯಲ್ಲಿ ತುಂಬಿದ ಹೊಟ್ಟನ್ನು ಪ್ರತಿ ಸುತ್ತಿಗೂ ತೆಗೆಯಿರಿ. ಬೇರಿಂಗ್ ಮತ್ತು ಟೆಂಪ್ಲೇಟ್ ನಡುವೆ ಒಂದು ಚೂರು ಸಿಕ್ಕಿಕೊಂಡರೂ ಗೋಡೆಯಲ್ಲಿ ಅದರ ಗುರುತು ಮೂಡುತ್ತದೆ.

ಕುಳಿ 12 ಮಿಮೀ ಆಳ ಆದ ಮೇಲೆ ಟೆಂಪ್ಲೇಟ್ ತೆಗೆದುಬಿಡಿ. ಇದೇ ನಾನು ಹೇಳಿದ ಉಪಾಯ. ಈಗ ಮೆಷಿನ್ ಸೀದಾ ಬಾಡಿಯ ಮೇಲೆ ಕೂರುತ್ತದೆ. ಬೇರಿಂಗ್ ನೀವು ಕೊರೆದ ಗೋಡೆಗೇ ಒರಗುತ್ತದೆ. 18 ಮಿಮೀ ಆಳಕ್ಕೆ ಹೋಗುವಾಗ ಟೆಂಪ್ಲೇಟ್ ಇದ್ದರೆ ಬಿಟ್ 30 ಮಿಮೀ ಹೊರಗೆ ಚಾಚಬೇಕಿತ್ತು, ಈಗ 18 ಸಾಕು. ಶ್ಯಾಂಕ್ ಕಾಲೆಟ್‌ನೊಳಗೆ ಭದ್ರವಾಗಿರುತ್ತದೆ. ಬೇಸ್ ಪೇಂಟ್‌ಗೆ ಉಜ್ಜದಂತೆ ಕುಳಿಯ ಸುತ್ತ ಮಾಸ್ಕಿಂಗ್ ಟೇಪ್ ಹಚ್ಚಿಕೊಳ್ಳಿ. ಗಿಡ್ಡ ಬಿಟ್ ಇದ್ದರೆ ಮಾತ್ರ ಇದು ಸಾಧ್ಯ.

ಕಣ್ಣಿಗೆ ಕನ್ನಡಕ, ಮೂಗಿಗೆ ಎನ್95, ಕಿವಿಗೆ ಏನಾದರೂ. ಬಟ್ಟೆಯ ಗ್ಲೌಸ್ ಬೇಡ, ಅಲಗಿಗೆ ಸಿಕ್ಕಿದರೆ ಕೈಯನ್ನೂ ಎಳೆದುಕೊಳ್ಳುತ್ತದೆ. ಬಿಟ್ ಬದಲಿಸುವಾಗ ಪ್ಲಗ್ ಕಿತ್ತು ಕಣ್ಣೆದುರು ಇಟ್ಟುಕೊಳ್ಳಿ. ಕೆಲಸದ ನಡುವೆ ಕರೆಂಟ್ ಹೋದರೆ ಮೊದಲು ಸ್ವಿಚ್ ಆರಿಸಿ. ಎಷ್ಟೋ ಟ್ರಿಮ್ಮರ್‌ಗಳ ಸ್ವಿಚ್ ಹಾಕಿದ ಕಡೆಯೇ ನಿಂತಿರುತ್ತದೆ. ಕರೆಂಟ್ ಬಂದ ಕ್ಷಣ ಮೆಷಿನ್ ಓಡತೊಡಗುತ್ತದೆ, ಟೇಬಲ್ ಮೇಲಿದ್ದರೂ ಸರಿ, ನಿಮ್ಮ ತೊಡೆಯ ಮೇಲಿದ್ದರೂ ಸರಿ.

ಬಾಸ್ ಗಿಟಾರ್

ನಾನು ನುಡಿಸುವುದು ಬಾಸ್. ಹಾಗಾಗಿ ಇದನ್ನು ಬಿಡಲು ಮನಸ್ಸಿಲ್ಲ. ಬಿಟ್ ಮತ್ತು ಮೆಷಿನ್ ಅವೇ. ಎಚ್ಚರ ಬೇರೆ ಕಡೆ ಬೇಕು.

ಜಾಝ್ ಬಾಸ್‌ನ ಎರಡು ಪಿಕಪ್ ನೋಡಲು ಅವಳಿಜವಳಿ. ಆದರೆ ಮೂಲ ಅಳತೆಯಲ್ಲಿ ಬ್ರಿಡ್ಜ್ ಕಡೆಯದು ಸುಮಾರು 3 ಮಿಮೀ ಉದ್ದ ಜಾಸ್ತಿ. ಒಂದೇ ಟೆಂಪ್ಲೇಟ್ ಎರಡಕ್ಕೂ ಬಳಸಿದರೆ ಒಂದು ಕಡೆ ಪಿಕಪ್ ಇಳಿಯುವುದಿಲ್ಲ, ಇಲ್ಲವೇ ಇನ್ನೊಂದು ಕಡೆ ಸಂದು ಕಾಣುತ್ತದೆ. ಸೋಪಿನ ಬಿಲ್ಲೆಯ ಆಕಾರದ ಸೋಪ್‌ಬಾರ್ ಪಿಕಪ್‌ಗೆ ರಿಂಗ್ ಇಲ್ಲ, ಪಿಕ್‌ಗಾರ್ಡ್ ಇಲ್ಲ, ತಪ್ಪು ಮುಚ್ಚಲು ಏನೂ ಇಲ್ಲ. ಇಎಂಜಿ ಕಂಪನಿಯ 35 ಅನ್ನುವ ಅಳತೆಯದು 88.9 x 38.1 ಮಿಮೀ. ಅದೇ ಕಂಪನಿಯ 40 ಸುಮಾರು 101.6 ಮಿಮೀ ಉದ್ದ. ಪಿಕಪ್ ಕೈಗೆ ಬರುವ ಮುಂಚೆ ಟೆಂಪ್ಲೇಟ್ ಮಾಡಿಸಬೇಡಿ. ಮೂಲೆಯ ದುಂಡನ್ನೂ ಅಳೆದು, ಅದಕ್ಕೆ ತಕ್ಕ ಬಿಟ್ ಆರಿಸಿ. ಮೊದಲು ಹಳೆಯ ಮರದ ತುಂಡಿನಲ್ಲಿ ಕೊರೆದು ಪಿಕಪ್ ಇಳಿಸಿ ನೋಡಿ.

ಆ್ಯಕ್ಟಿವ್ ಪ್ರಿಆ್ಯಂಪ್ (ಬಾಸ್ ಒಳಗೇ ಕೂರುವ, ಬ್ಯಾಟರಿಯಿಂದ ನಡೆಯುವ ಪುಟ್ಟ ಆ್ಯಂಪ್ಲಿಫೈಯರ್) ಹಾಕುವವರಿಗೆ 9 ವೋಲ್ಟ್ ಬ್ಯಾಟರಿಯ ಜಾಗ ಬೇಕು. ಬ್ಯಾಟರಿ 48.5 x 26.5 x 17.5 ಮಿಮೀ. ಅದರ ಕ್ಲಿಪ್ ಮತ್ತು ತಂತಿಗೂ ಜಾಗ ಬಿಡಿ. ಹಿಂದಿನಿಂದ ಕಂಟ್ರೋಲ್ ಕುಳಿ ದೊಡ್ಡದು ಮಾಡುವಾಗ ಮುಂದಿನ ಮೈಯಲ್ಲಿ 5–6 ಮಿಮೀ ಮರ ಉಳಿಯಲಿ. ವಾಲ್ಯೂಮ್ ಪಾಟ್‌ನ ನಟ್ ಅಷ್ಟನ್ನು ಹಿಡಿಯುತ್ತದೆ.

ಹೋದ ತಿಂಗಳು ಗೆಳೆಯನೊಬ್ಬ ಪ್ರಿಸಿಷನ್ ಮಾದರಿಯ ಬಾಸ್ ತಂದ. "ಮಗಾ, ಬಿಲ್ಲಿ ಶೀಹನ್ ಥರ ನೆಕ್ ಹತ್ರ ಒಂದು ಮಡ್‌ಬಕರ್ ಹಾಕೋಣ" ಅಂದ. ಅಮೆರಿಕದ ಬಾಸ್ ವಾದಕ ಶೀಹನ್ ತಮ್ಮ ಹಳೆಯ ಫೆಂಡರ್ ಪ್ರಿಸಿಷನ್ ಬಾಸ್‌ನ ನೆಕ್ ಪಕ್ಕದಲ್ಲಿ ಗಿಬ್ಸನ್ ಇಬಿ ಬಾಸ್‌ನ ದೊಡ್ಡ ಹಂಬಕರ್, ಅಂದರೆ ಮಡ್‌ಬಕರ್, ಕೂರಿಸಿಕೊಂಡವರು. ಆ ದಪ್ಪ ದನಿ ನನಗೂ ಇಷ್ಟ. ಆದರೆ ಆ ಜಾಗ ಸೂಕ್ಷ್ಮ. ಪಕ್ಕದಲ್ಲೇ ನೆಕ್ ಕೂರುವ ಪಾಕೆಟ್, ಸುಮಾರು 16 ಮಿಮೀ ಆಳ. ಎರಡು ಕುಳಿಯ ನಡುವೆ ತೆಳುವಾದ ಗೋಡೆ ಉಳಿದರೆ ಅದು ಸೀಳುತ್ತದೆ. ನೆಕ್ ಬಿಚ್ಚಿ, ಪಾಕೆಟ್‌ನ ಅಂಚಿನಿಂದ ಅಳೆದೆವು. ಅವನು ಗುರುತು ಹಾಕಿದ್ದ ಜಾಗದಲ್ಲಿ ಕೊರೆದಿದ್ದರೆ ಗೋಡೆ 4 ಮಿಮೀ ಉಳಿಯುತ್ತಿತ್ತು. 8 ಮಿಮೀ ಬ್ರಿಡ್ಜ್ ಕಡೆಗೆ ಸರಿಸಿ 12 ಉಳಿಸಿಕೊಂಡೆವು. ದನಿಯಲ್ಲಿ ಅವನಿಗೆ ಏನೂ ಕಡಿಮೆ ಅನಿಸಲಿಲ್ಲ.

ಆ ದಿನ ಫೋರ್ಸ್ಟ್‌ನರ್‌ಗೆ ಅರ್ಧ ಗಂಟೆ, ರೌಟರ್‌ಗೆ ಇಪ್ಪತ್ತು ನಿಮಿಷ ಹಿಡಿಯಿತು. ಅಳತೆಗೆ ಮತ್ತು ಟೆಂಪ್ಲೇಟ್‌ಗೆ ಎರಡು ಸಂಜೆ. ಪಿಕಪ್ ಕೂರಿಸಿ ನೋಡಿದಾಗ ತಂತಿ ಹೊರಗೆ ಹೋಗಲು ದಾರಿ ಇರಲಿಲ್ಲ. ಎಲ್ಲರೂ ಮರೆಯುವುದು ಇದನ್ನೇ. ಹೊಸ ಕುಳಿಯಿಂದ ಹಳೆಯ ಪಿಕಪ್ ಕುಳಿಗೆ 6 ಮಿಮೀ ಉದ್ದನೆಯ ಡ್ರಿಲ್ ಬಿಟ್‌ನಿಂದ ಓರೆಯಾಗಿ ತೂತು ಕೊರೆಯಬೇಕು. ನೆಕ್ ಬಿಚ್ಚಿದ್ದರೆ ಪಾಕೆಟ್ ಕಡೆಯಿಂದ ಡ್ರಿಲ್‌ಗೆ ಒಳ್ಳೆಯ ಕೋನ ಸಿಗುತ್ತದೆ. ಹಾಗಾಗಿ ನೆಕ್ ಜೋಡಿಸುವ ಮುಂಚೆಯೇ ಅದನ್ನು ಮುಗಿಸಿ. ಡ್ರಿಲ್‌ನ ಚಕ್ ಕುಳಿಯ ಅಂಚಿಗೆ ತಾಗುತ್ತದೆ, ಅಲ್ಲೊಂದು ಚೂರು ರಟ್ಟು ಇಟ್ಟುಕೊಳ್ಳಿ.